ಒಂದು ಸರೋವರ, ಇಬ್ಬರು ಯಜಮಾನರು, ಒಂದೇ ಲೆಕ್ಕ: ರೆಡ್ ಲೇಕ್ ಪ್ರಕರಣ

1989ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ರೆಡ್ ಲೇಕ್ ಅನ್ನುವ ಸರೋವರದಲ್ಲಿ ಬಲೆಗಾರರು ತೆಗೆದ ವಾಲೈ ಮೀನು ಹತ್ತಿರಹತ್ತಿರ 10 ಲಕ್ಷ ಪೌಂಡ್. ಅಂದರೆ ಸುಮಾರು 450 ಟನ್. 1996ರಲ್ಲಿ ಸಿಕ್ಕಿದ್ದು 15 ಸಾವಿರ ಪೌಂಡ್. ಏಳು ಟನ್ನೂ ಇಲ್ಲ. ಸರೋವರವೇನೂ ಬತ್ತಿರಲಿಲ್ಲ. ನೀರಿಗೆ ಯಾರೂ ವಿಷ ಬೆರೆಸಿರಲಿಲ್ಲ. ಮೀನು ಮುಗಿದಿತ್ತು, ಅಷ್ಟೇ.

ಹತ್ತು ವರ್ಷ ಬಿಟ್ಟು, 2006ರ ಮೇ ತಿಂಗಳಲ್ಲಿ, ಅದೇ ನೀರಿನಲ್ಲಿ ವಾಲೈಗೆ ಮತ್ತೆ ಗಾಳ ಹಾಕಲು ಬಿಟ್ಟರು. ಮೀನು ಕಚ್ಚಿತು. ಇವತ್ತು ಅಲ್ಲಿ ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಊರಿಗೆ ಊರೇ ಕೂತಿರುತ್ತದೆ.

ಈ ಕಥೆಯನ್ನು ಸಾಮಾನ್ಯವಾಗಿ "ಮರಿ ಬಿಟ್ಟರು, ಮೀನು ಬಂತು" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮರಿ ಬಿಡುವುದು ಇದರಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ. ಕಷ್ಟದ್ದು ಅದಕ್ಕೆ ಮೊದಲು ಆಗಿತ್ತು. ಅದಕ್ಕಿಂತ ಕಷ್ಟದ್ದು ಆಮೇಲೆ ಬಂತು.

ನೀರು ಯಾರದು

ಮಿನ್ನೆಸೋಟ ಅಮೆರಿಕದ ಉತ್ತರದ ಅಂಚಿನಲ್ಲಿ, ಕೆನಡಾಕ್ಕೆ ತಾಗಿಕೊಂಡಿರುವ ರಾಜ್ಯ. ಅಲ್ಲಿನ ಕಾರುಗಳ ನಂಬರ್ ಪ್ಲೇಟ್ ಮೇಲೆ "10,000 ಸರೋವರಗಳು" ಅಂತ ಬರೆದಿರುತ್ತದೆ. ಪೂರ್ತಿಯಾಗಿ ರಾಜ್ಯದ ಗಡಿಯೊಳಗೇ ಇರುವವುಗಳಲ್ಲಿ ರೆಡ್ ಲೇಕೇ ದೊಡ್ಡದು. ಸುಮಾರು 2 ಲಕ್ಷ 85 ಸಾವಿರ ಎಕರೆ. ನಡುವೆ ಕಿರಿದಾದ ಕುತ್ತಿಗೆ, ಎರಡು ಕಡೆ ಎರಡು ಹೊಟ್ಟೆ. ಉತ್ತರದ್ದು ಅಪ್ಪರ್ ರೆಡ್, ದಕ್ಷಿಣದ್ದು ಲೋವರ್ ರೆಡ್. ದಡದಲ್ಲಿ ನಿಂತರೆ ಆಚೆ ದಡ ಕಾಣುವುದಿಲ್ಲ, ಸಮುದ್ರವೇ. ಆದರೆ ಅಪ್ಪರ್ ರೆಡ್‌ನ ಆಳ ಹೆಚ್ಚಿನ ಕಡೆ 15 ಅಡಿಯೊಳಗೇ. ಸುತ್ತಲಿನ ಜೌಗು ನೆಲದಿಂದ ಇಳಿದು ಬರುವ ನೀರಿಗೆ ಚಹಾದ ಡಿಕಾಕ್ಷನ್ ಬಣ್ಣ.

ಲೋವರ್ ರೆಡ್ ಪೂರ್ತಿ, ಅಪ್ಪರ್ ರೆಡ್‌ನ ಪಶ್ಚಿಮದ ದೊಡ್ಡ ಪಾಲು, ಒಟ್ಟು ಸುಮಾರು 2,37,000 ಎಕರೆ ನೀರು ಅಲ್ಲಿನ ಮೂಲನಿವಾಸಿಗಳಾದ ರೆಡ್ ಲೇಕ್ ಒಜಿಬ್ವೆ ಬುಡಕಟ್ಟಿನದು. ಪೂರ್ವದ ಕಡೆ ಉಳಿದ 48,000 ಎಕರೆ ಮಾತ್ರ ರಾಜ್ಯದ್ದು. 1889ರಲ್ಲಿ ಸರ್ಕಾರ ಮಿನ್ನೆಸೋಟದ ಬುಡಕಟ್ಟುಗಳ ನೆಲವನ್ನು ತಲೆಗಿಷ್ಟು ಅಂತ ತುಂಡು ಮಾಡಿ ಹಂಚಲು ಹೊರಟಿತ್ತು. ಉಳಿದದ್ದನ್ನು ಹೊರಗಿನವರಿಗೆ ಕೊಡುವ ಯೋಜನೆ ಅದು. ರೆಡ್ ಲೇಕ್ ಜನ ಬಹಳಷ್ಟು ನೆಲ ಕಳೆದುಕೊಂಡರೂ ಹಂಚಿಕೆಗೆ ಒಪ್ಪಲಿಲ್ಲ. ಉಳಿದದ್ದನ್ನು ಎಲ್ಲರ ಹೆಸರಿನಲ್ಲಿ ಒಟ್ಟಿಗೇ ಇಟ್ಟುಕೊಂಡರು. ಹಾಗಾಗಿಯೇ ಇವತ್ತಿಗೂ ಅಲ್ಲಿ ಹೊರಗಿನವರಿಗೆ ಸೈಟು ಸಿಗುವುದಿಲ್ಲ. ಆಗ ಎಳೆದ, ಅಪ್ಪರ್ ರೆಡ್‌ನ ನೀರನ್ನು ಸೀಳಿಕೊಂಡು ಹೋಗುವ ಗಡಿಗೆರೆಯ ಬಗ್ಗೆ ಅವರಿಗೆ ಹಳೆಯ ಸಿಟ್ಟು ಇದೆ. ಇಡೀ ಸರೋವರ ನಮ್ಮದೇ ಅಂತ ನಮ್ಮ ಹಿರಿಯರು ತಿಳಿದುಕೊಂಡಿದ್ದರು ಅನ್ನುವುದು ಅವರ ವಾದ.

ಗೆರೆಯ ಈಚೆ ಒಂದು ಕಾನೂನು, ಆಚೆ ಇನ್ನೊಂದು. ಮೀನಿಗೆ ಪಹಣಿ ಗೊತ್ತಿಲ್ಲ. ಪೂರ್ವದ ಟಾಮರಾಕ್ ಹೊಳೆಯಲ್ಲಿ ಮೊಟ್ಟೆ ಇಟ್ಟ ಮೀನು ಮರುತಿಂಗಳು ಪಶ್ಚಿಮದಲ್ಲಿ ಮೇಯುತ್ತಿರಬಹುದು. ಇಷ್ಟು ತಿಳಿದುಕೊಂಡರೆ ಮುಂದಿನದು ಅರ್ಥವಾಗುತ್ತದೆ.

ವಾಲೈ ಅನ್ನುವ ಮೀನು

ವಾಲೈ 1965ರಿಂದ ಮಿನ್ನೆಸೋಟದ ರಾಜ್ಯ ಮೀನು. ಮುಳ್ಳು ಕಡಿಮೆ, ಬಿಳಿ ಮಾಂಸ, ವಾಸನೆಯೂ ಅಷ್ಟಾಗಿಲ್ಲ. ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆ. ಕಣ್ಣಿನ ಹಿಂದೆ ಬೆಳಕನ್ನು ತಿರುಗಿಸುವ ಪದರ ಇರುವುದರಿಂದ ಮಬ್ಬಿನಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ. ತಿಳಿನೀರಿನ ಸರೋವರಗಳಲ್ಲಿ ಅದು ಮುಂಜಾವು, ಮುಸ್ಸಂಜೆಯಲ್ಲಿ ಗಾಳಕ್ಕೆ ಬೀಳುತ್ತದೆ. ರೆಡ್ ಲೇಕ್‌ನ ಡಿಕಾಕ್ಷನ್ ನೀರಿನಲ್ಲಿ ಮಧ್ಯಾಹ್ನವೂ ಕಚ್ಚುತ್ತದೆ. ಗಾಳದವರು ಅಷ್ಟು ದೂರ ಹೋಗುವುದಕ್ಕೆ ಇದೂ ಒಂದು ಕಾರಣ.

ದೊಡ್ಡ ಹೆಣ್ಣು ಮೀನು ಒಂದು ಸಲಕ್ಕೆ ಲಕ್ಷಕ್ಕೂ ಮಿಕ್ಕಿ ಮೊಟ್ಟೆ ಇಡುತ್ತದೆ. ಇಟ್ಟು ಹೊರಟುಬಿಡುತ್ತದೆ, ಕಾವಲು ಕಾಯುವುದಿಲ್ಲ. ಒಂದು ವರ್ಷ ಗಾಳಿ, ನೀರಿನ ಬಿಸಿ, ಮರಿಗೆ ಬೇಕಾದ ಹುಳುಹುಪ್ಪಟೆ ಎಲ್ಲ ಕೂಡಿಬಂದರೆ ಕೋಟಿಗಟ್ಟಲೆ ಮರಿ ಬದುಕುತ್ತದೆ. ಇನ್ನೊಂದು ವರ್ಷ ಏನೂ ಇಲ್ಲ. ಹಾಗಾಗಿ ಸರೋವರದಲ್ಲಿ ಮೀನು ಅನ್ನುವುದು ಒಂದೇ ಸಮನೆ ಹರಡಿಕೊಂಡಿರುವುದಿಲ್ಲ. ಇಂಥ ವರ್ಷದ ಬೆಳೆ, ಅಂಥ ವರ್ಷದ ಬೆಳೆ ಅಂತ ಪದರಪದರವಾಗಿ ಇರುತ್ತದೆ. ಉತ್ತರದ ತಣ್ಣನೆ ನೀರಿನಲ್ಲಿ ಹೆಣ್ಣು ಬಲಿಯಲು ನಾಲ್ಕೈದು ವರ್ಷವಾದರೂ ಬೇಕು. ಅಷ್ಟರೊಳಗೆ ಹಿಡಿದರೆ ಅದರ ಪಾಲಿನ ಬೀಜ ಸರೋವರಕ್ಕೆ ಸೇರುವುದೇ ಇಲ್ಲ.

ಮುಗಿದದ್ದು ಹೇಗೆ

ಇಲ್ಲಿ ಬಲೆ ವ್ಯಾಪಾರ ಶುರುಮಾಡಿದ್ದು ಒಜಿಬ್ವೆ ಜನ ಅಲ್ಲ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಊಟಕ್ಕೆ ಮೀನು ಬೇಕು ಅಂತ 1917ರಲ್ಲಿ ರಾಜ್ಯ ಸರ್ಕಾರವೇ ಶುರುಮಾಡಿತು. 1929ರಲ್ಲಿ ಬುಡಕಟ್ಟಿನ ಮೀನುಗಾರರು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ಅಲ್ಲಿಂದ ಹತ್ತಿರಹತ್ತಿರ ಏಳು ದಶಕ ಇದೇ ಆ ಊರಿನ ಬದುಕು. ಬಲೆ ಬಿಡಲು ಒಬ್ಬರು, ಬಿಡಿಸಲು ಒಬ್ಬರು, ರೆಡ್‌ಬಿ ಅನ್ನುವ ಊರಿನ ಘಟಕದಲ್ಲಿ ಕೊಯ್ಯಲು ಇನ್ನಷ್ಟು ಜನ.

ಬಳಸುತ್ತಿದ್ದದ್ದು ಗಿಲ್‌ನೆಟ್. ನೀರಿನಲ್ಲಿ ಗೋಡೆಯ ಹಾಗೆ ನಿಲ್ಲಿಸುವ ಬಲೆ. ಮೀನು ತಲೆ ತೂರಿಸುತ್ತದೆ, ಕಿವಿರು ಸಿಕ್ಕಿಕೊಳ್ಳುತ್ತದೆ. ಬಲೆಯ ಕಣ್ಣು ಎಷ್ಟು ದೊಡ್ಡದೋ ಅದಕ್ಕೆ ತಕ್ಕ ಗಾತ್ರದ ಮೀನೇ ಹೆಚ್ಚು ಬೀಳುತ್ತದೆ. ಒಂದು ಒಳ್ಳೆ ವರ್ಷದ ಮರಿಗಳು ಆ ಗಾತ್ರಕ್ಕೆ ಬಂದ ತಕ್ಷಣ ಬಲೆ ಉಕ್ಕುತ್ತದೆ. ಎಲ್ಲರಿಗೂ ಖುಷಿ, ಸರೋವರ ತುಂಬಿದೆ ಅನಿಸುತ್ತದೆ. ಎರಡು ಮೂರು ವರ್ಷದಲ್ಲಿ ಆ ಪದರ ಖಾಲಿ. ಮುಂದಿನ ಒಳ್ಳೆ ವರ್ಷ ಬರುವ ತನಕ ಒಣಗಿದ ಬಲೆ. ಕೊನೆಕೊನೆಗೆ ಈ ಏರಿಳಿತ ಜೋರಾಯಿತು. ಏರು ಬಂದಾಗಲೂ ಅದನ್ನು ಹೊತ್ತಿದ್ದದ್ದು ಒಂದೇ ಒಂದು ಪದರ.

ಬಲೆಯೊಂದನ್ನೇ ದೂರಿದರೆ ಅನ್ಯಾಯ. ಲೆಕ್ಕಕ್ಕೆ ಬಾರದ ಕಳ್ಳ ಮಾರಾಟವೂ ಇತ್ತು. ಕಡಿಮೆ ಬೆಲೆಗೆ ಒಳ್ಳೆ ಮೀನು ಸಿಗುತ್ತದೆ ಅಂತ ಹಿಂದಿನ ಬಾಗಿಲಲ್ಲಿ ಕೊಂಡವರು ಹೊರಗಿನ ಜನವೇ. ಪೂರ್ವದ 48,000 ಎಕರೆಯಲ್ಲಿ ರಾಜ್ಯದ ಗಾಳದವರೂ ಹಿಡಿಯುತ್ತಲೇ ಇದ್ದರು. ಗೆರೆಯ ಎರಡು ಕಡೆಯವರೂ "ಅವರಿಂದಲೇ ಹಾಳಾಯಿತು" ಅಂತ ಬೆರಳು ತೋರಿಸುತ್ತಿದ್ದರು. ಒಟ್ಟು ಎಷ್ಟು ಮೀನು ಹೊರಗೆ ಹೋಗುತ್ತಿದೆ ಅಂತ ಇಡೀ ಸರೋವರವನ್ನು ಸೇರಿಸಿ ಕೂಡಿಸಿ ನೋಡುವ ಏರ್ಪಾಡು ಇರಲಿಲ್ಲ. ನನ್ನ ಪ್ರಕಾರ ಮೂಲ ರೋಗ ಇದೇ.

ಮೊದಲು ಕೈಬಿಟ್ಟವರು

1997ರಲ್ಲಿ ಬಲೆ ಇಳಿಸುವುದಿಲ್ಲ ಎಂದು ಮೀನುಗಾರರ ಸಂಘ ತಾನೇ ತೀರ್ಮಾನಿಸಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಕೋರ್ಟು ಹೇಳಿರಲಿಲ್ಲ. ಕೇಂದ್ರ ಸರ್ಕಾರದ ನಿಯಮದಲ್ಲಿ ಅವರಿಗೆ ಹಿಡಿಯಲು ಪಾಲು ಇನ್ನೂ ಇತ್ತು. ಬೇರೆ ಕೆಲಸ ಹೆಚ್ಚಿಲ್ಲದ ಊರು ಅದು. ಹಿಡಿಯಲು ಮೀನೇ ಇರಲಿಲ್ಲವಲ್ಲ, ಬಿಟ್ಟದ್ದು ದೊಡ್ಡದೇನು ಅಂತ ಕೇಳಬಹುದು. ಆದರೆ ಮೀನು ಕಡಿಮೆಯಾದಷ್ಟೂ ಬಲೆ ಜಾಸ್ತಿ ಮಾಡಿದ ಕಥೆಗಳೇ ಲೋಕದಲ್ಲಿ ಹೆಚ್ಚು. 1998ರಲ್ಲಿ ಬುಡಕಟ್ಟಿನ ಆಡಳಿತ ಮಂಡಳಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತನ್ನ ಜನ ಮನೆಯೂಟಕ್ಕೆ ಗಾಳ ಹಾಕಿ ವಾಲೈ ಹಿಡಿಯುವುದನ್ನೂ ನಿಲ್ಲಿಸಿತು. ಒಜಿಬ್ವೆ ಮಾತಿನಲ್ಲಿ ವಾಲೈಗೆ "ಒಗಾ" ಅನ್ನುತ್ತಾರೆ. ಒಗಾ ಇಲ್ಲದ ಒಗಾ ಊರು.

ಅವರು ಮೊದಲು ಕೈಬಿಟ್ಟದ್ದರಿಂದ ರಾಜ್ಯಕ್ಕೆ ನೆಪ ಉಳಿಯಲಿಲ್ಲ. 1999ರಲ್ಲಿ ರಾಜ್ಯವೂ ತನ್ನ ಭಾಗದಲ್ಲಿ ವಾಲೈ ಹಿಡಿಯುವುದನ್ನು ಮುಚ್ಚಿತು. ಆ ಏಪ್ರಿಲ್‌ನಲ್ಲಿ ಬುಡಕಟ್ಟು, ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಕೇಂದ್ರದ ಇಂಡಿಯನ್ ವ್ಯವಹಾರಗಳ ಬ್ಯೂರೋ (ಅಮೆರಿಕದ ಬುಡಕಟ್ಟುಗಳ ವ್ಯವಹಾರ ನೋಡುವ ಕಚೇರಿ) ಮೂವರೂ ಒಪ್ಪಂದಕ್ಕೆ ಸಹಿ ಹಾಕಿದರು. ಮೀನು ಮರಳುವ ತನಕ ಯಾರೂ ಹಿಡಿಯುವಂತಿಲ್ಲ. ಎರಡೂ ಕಡೆ ಗಸ್ತು ಬಿಗಿಯಾಗಬೇಕು. ಮರಿ ಬಿಡಬೇಕು. ಎರಡೂ ಕಡೆಯ ಮೀನು ತಜ್ಞರು ಒಂದೇ ಮೇಜಿಗೆ ಕೂರಬೇಕು. ನೀರು ಯಾರದು, 1889ರ ಗೆರೆ ಸರಿಯೋ ತಪ್ಪೋ ಅನ್ನುವ ಜಗಳವನ್ನು ಮಾತ್ರ ಪಕ್ಕಕ್ಕೆ ಇಟ್ಟರು. ಅದು ಬಗೆಹರಿಯಲಿಲ್ಲ. ಅದನ್ನು ಬಗೆಹರಿಸದೆಯೂ ಮೀನಿನ ಕೆಲಸ ಮಾಡಬಹುದು ಅಂತ ಕಂಡುಕೊಂಡದ್ದೇ ಇಲ್ಲಿನ ಜಾಣತನ.

ಅದೇ ವರ್ಷ ಮಾರ್ಚ್‌ನಲ್ಲಿ, ದಕ್ಷಿಣಕ್ಕಿರುವ ಮಿಲ್ ಲಾಕ್ಸ್ ಅನ್ನುವ ಇನ್ನೊಂದು ದೊಡ್ಡ ವಾಲೈ ಸರೋವರದ ವ್ಯಾಜ್ಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. 1837ರ ಒಪ್ಪಂದದ ಪ್ರಕಾರ ಅಲ್ಲಿನ ಒಜಿಬ್ವೆ ಜನಕ್ಕೆ ಮೀನು ಹಿಡಿಯುವ ಹಕ್ಕು ಇನ್ನೂ ಇದೆ ಅಂತ, 5–4ರ ಬಹುಮತದಲ್ಲಿ. ಹಕ್ಕೇನೋ ಖಚಿತವಾಯಿತು. ಆದರೆ ಮುಂದೆ ಅಲ್ಲಿ ವಾಲೈ ಕಡಿಮೆಯಾಗುತ್ತ ಹೋಗಿ 2015ರ ಆಗಸ್ಟ್‌ನಲ್ಲಿ ಹಂಗಾಮನ್ನು ಅರ್ಧಕ್ಕೇ ಮುಚ್ಚಬೇಕಾಯಿತು. ತೀರ್ಪಿನಿಂದ ಮೀನು ಕಡಿಮೆಯಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ನೀರು ತಿಳಿಯಾದದ್ದು, ಜೀಬ್ರಾ ಚಿಪ್ಪು ಅನ್ನುವ ಹೊರಗಿನ ಜೀವಿ ಬಂದು ಸೇರಿದ್ದು, ಎಳೆ ಮೀನು ಬದುಕದೆ ಹೋದದ್ದು, ಹೀಗೆ ಕಾರಣಗಳು ಬೇರೆ.

ಮರಿ, ಮತ್ತು ಕಿವಿಯೊಳಗಿನ ಗುರುತು

1999ರಲ್ಲಿ ಸುಮಾರು 4 ಕೋಟಿ, 2001 ಮತ್ತು 2003ರಲ್ಲಿ ತಲಾ 3 ಕೋಟಿಗೂ ಹೆಚ್ಚು ವಾಲೈ ಮರಿಗಳನ್ನು ಬಿಟ್ಟರು. ಮರಿ ಅಂದರೆ ಸೊಳ್ಳೆಯಷ್ಟು ಉದ್ದದ್ದು. ಒಂದು ವರ್ಷ ಬಿಟ್ಟು ಒಂದು ವರ್ಷ ಬಿಟ್ಟದ್ದಕ್ಕೂ ಅರ್ಥವಿದೆ. ಮರಿ ಬಿಡದ ವರ್ಷದಲ್ಲಿ ಕಂಡ ಎಳೆ ಮೀನು ಸರೋವರದ್ದೇ ಹುಟ್ಟು ಅಂತ ತಿಳಿಯುತ್ತದೆ.

ಬಿಟ್ಟ ವರ್ಷದಲ್ಲಿ? ಅದಕ್ಕೆ ಇನ್ನೊಂದು ಉಪಾಯ. ಮರಿಗಳನ್ನು ಬಿಡುವ ಮೊದಲು ಟೆಟ್ರಾಸೈಕ್ಲಿನ್ ಜಾತಿಯ ಔಷಧ ಬೆರೆಸಿದ ನೀರಿನಲ್ಲಿ ಕೆಲವು ಗಂಟೆ ಇಟ್ಟರು. ಮೀನಿನ ತಲೆಯೊಳಗೆ, ಕಿವಿಯ ಜಾಗದಲ್ಲಿ, ಒಂದು ಪುಟ್ಟ ಕಲ್ಲು ಇರುತ್ತದೆ. ಅದರ ಬಳೆಗಳನ್ನು ಎಣಿಸಿದರೆ ಮರದ ಹಾಗೆ ಮೀನಿನ ವಯಸ್ಸು ಸಿಗುತ್ತದೆ. ಔಷಧ ಆ ಕಲ್ಲಿನಲ್ಲಿ ಕೂತುಬಿಡುತ್ತದೆ. ಮುಂದೆ ಆ ಮೀನನ್ನು ಹಿಡಿದು, ಕಲ್ಲು ತೆಗೆದು, ನೇರಳಾತೀತ ಬೆಳಕಿನಲ್ಲಿ ನೋಡಿದರೆ ಹೊಳೆಯುತ್ತದೆ. ಹೊಳೆದರೆ ನಾವು ಬಿಟ್ಟದ್ದು. ಹೊಳೆಯದಿದ್ದರೆ ಸರೋವರದಲ್ಲೇ ಹುಟ್ಟಿದ್ದು.

1999ರ ಮರಿ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. ಕೆಲವು ವರ್ಷದಲ್ಲಿ ಅವು ಬಲಿತು ತಾವೇ ಮೊಟ್ಟೆ ಇಡತೊಡಗಿದವು. ಹೊಳೆಯದ ಕಲ್ಲುಗಳು ಹೆಚ್ಚುತ್ತ ಹೋದವು. ಆಗ ಮರಿ ಬಿಡುವುದನ್ನು ನಿಲ್ಲಿಸಿದರು. ಇದು ನನಗೆ ಬಹಳ ಹಿಡಿಸಿದ ಭಾಗ. ಮರಿ ಬಿಡುವ ಕಾರ್ಯಕ್ರಮಕ್ಕೆ ಫೋಟೋ ಬರುತ್ತದೆ, ಹಾಗಾಗಿ ಅದು ಎಲ್ಲ ಕಡೆ ವರ್ಷವರ್ಷ ನಡೆಯುತ್ತಲೇ ಇರುತ್ತದೆ. ಇನ್ನು ಬೇಡ ಅನ್ನುವುದಕ್ಕೆ ಲೆಕ್ಕ ಬೇಕು.

ನಡುವೆ ಬಂದ ನೆಂಟ

ವಾಲೈ ಇಲ್ಲದ ಆ ವರ್ಷಗಳಲ್ಲಿ ಪೂರ್ವ ದಡದ ವಾಸ್ಕಿಶ್ ಊರು ಬದುಕಿದ್ದು ಹೇಗೆ? ಗಾಳದವರಿಂದಲೇ ನಡೆಯುವ ಊರು ಅದು. ಬಾಡಿಗೆ ಕೋಣೆ, ದೋಣಿ, ಹುಳು ಮಾರುವ ಅಂಗಡಿ, ಅಷ್ಟೇ. ಅವರ ಪುಣ್ಯಕ್ಕೆ ಕ್ರಾಪಿ ಬಂತು. ಅಂಗೈಗಿಂತ ದೊಡ್ಡ, ಚಪ್ಪಟೆ, ಕಪ್ಪು ಚುಕ್ಕೆಯ ಮೀನು. ವಾಲೈ ಇಲ್ಲದ ಸರೋವರದಲ್ಲಿ ಅದರ ಮರಿಯನ್ನು ತಿನ್ನುವವರೂ ಇಲ್ಲ, ಮೇವಿಗೆ ಪೈಪೋಟಿಯೂ ಇಲ್ಲ. 1995ರಲ್ಲಿ ಹುಟ್ಟಿದ ಕ್ರಾಪಿ ಸಿಕ್ಕಾಪಟ್ಟೆ ಬದುಕಿತು. ಕೆಲವು ವರ್ಷದಲ್ಲಿ 14–15 ಇಂಚು ಬೆಳೆಯಿತು. ಕ್ರಾಪಿಯ ಮಟ್ಟಿಗೆ ಅದು ರಾಕ್ಷಸ ಗಾತ್ರ. ಸುದ್ದಿ ಹರಡಿತು. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾತ್ರೆ.

ವಾಲೈ ಮರಳುತ್ತಿದ್ದ ಹಾಗೆ ಕ್ರಾಪಿ ಹಿಂದೆ ಸರಿಯಿತು. ಆ ಜಾತ್ರೆಯನ್ನು ನೆನೆಸಿಕೊಂಡು "ಕ್ರಾಪಿ ಕಾಲವೇ ಚೆನ್ನಾಗಿತ್ತು" ಅನ್ನುವವರೂ ಇದ್ದಾರೆ. ಇರಲಿ. ನೀರಿನಲ್ಲಿ ಜಾಗ ಎಂದೂ ಖಾಲಿ ಇರುವುದಿಲ್ಲ ಅಂತ ಗೊತ್ತಾಯಿತಲ್ಲ.

ಒಂದೇ ಖಾತೆ

2006ರಲ್ಲಿ ತೆರೆಯುವ ಮೊದಲು ಎರಡೂ ಕಡೆಯವರು ಒಂದು ಅಂಕಿ ಒಪ್ಪಿಕೊಂಡರು. ವರ್ಷಕ್ಕೆ ಎಕರೆಗೆ 3.5 ಪೌಂಡ್ ವಾಲೈ. ಇಬ್ಬರಿಗೂ ಒಂದೇ ದರ. ರಾಜ್ಯದ 48,000 ಎಕರೆಗೆ 1,68,000 ಪೌಂಡ್. ಬುಡಕಟ್ಟಿನ 2,37,000 ಎಕರೆಗೆ 8,29,500 ಪೌಂಡ್. ಗುಣಿಸಿ ನೋಡಿ, ಸರಿಹೋಗುತ್ತದೆ. ಯಾರಿಗೆ ಹಕ್ಕು ಜಾಸ್ತಿ, ಯಾರು ಮೊದಲು ಬಂದವರು ಅನ್ನುವ ಮಾತೇ ಇಲ್ಲ. ನೀರು ಎಷ್ಟೋ ಮೀನು ಅಷ್ಟು.

ಬುಡಕಟ್ಟು ಬಲೆಗೆ ನೇರ ಮರಳಲಿಲ್ಲ. ಗಾಳದಲ್ಲಿ ಹಿಡಿದ ಮೀನನ್ನೇ ತನ್ನ ಜನರಿಂದ ಕೊಂಡು ಘಟಕದಲ್ಲಿ ಕೊಯ್ದು ಮಾರಲು ಶುರುಮಾಡಿತು. ರಾಜ್ಯದ ಕಡೆ ದಿನಕ್ಕೆ ಒಬ್ಬರಿಗೆ ಎರಡೇ ಮೀನು. 17ರಿಂದ 26 ಇಂಚಿನವನ್ನು ಹಾಗೇ ನೀರಿಗೆ ಬಿಡಬೇಕು. ಮೊಟ್ಟೆ ಇಡುವ ಹೆಣ್ಣುಗಳು ಹೆಚ್ಚಾಗಿ ಆ ಅಳತೆಯವೇ.

ಹೀಗೆ ಕಾಪಾಡಿದ್ದರಿಂದ ಒಂದು ವಿಚಿತ್ರ ಆಯಿತು. ಬಲಿತ ಹೆಣ್ಣುಗಳು ಬೇಕಾದ್ದಕ್ಕಿಂತ ಜಾಸ್ತಿಯಾದವು. ವಾಲೈ ತನ್ನ ಜಾತಿಯ ಮರಿಯನ್ನೂ ತಿನ್ನುತ್ತದೆ. ಮೇವಿಗೆ ಹೊಡೆದಾಟವಾಗಿ ಬೆಳವಣಿಗೆ ನಿಧಾನವಾಯಿತು. ಸರೋವರ ತುಂಬಾ ಮುದಿ ಅತ್ತೆಯರು, ಸೊಸೆಯಂದಿರಿಗೆ ಊಟವಿಲ್ಲ. ಹಾಗಾಗಿ 2015ರಲ್ಲಿ ಯೋಜನೆಯನ್ನು ತಿದ್ದಿದರು. ಬಲಿತ ಮೀನು ಹೆಚ್ಚಿದ್ದಾಗ ಎಕರೆಗೆ 5 ಪೌಂಡ್‌ವರೆಗೂ ತೆಗೆಯಬಹುದು, ರಾಜ್ಯದ ಪಾಲು 2,40,000 ಪೌಂಡ್‌ವರೆಗೆ. 17ರಿಂದ 26 ಇಂಚಿನವನ್ನು ಬಿಡಲೇಬೇಕು ಅನ್ನುವ ನಿಯಮ ತೆಗೆದು, 17 ಇಂಚು ದಾಟಿದ್ದು ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು ಅಂತ ಮಾಡಿದರು. ದಿನದ ಮಿತಿ 3, 4 ಅಂತ ವರ್ಷಕ್ಕೆ ತಕ್ಕ ಹಾಗೆ ಏರಿಳಿಯುತ್ತ ಬಂದಿದೆ.

ಮೊದಲು ಹೇಳಿದ "ಆಮೇಲೆ ಬಂದ ಕಷ್ಟ" ಇದೇ. ಹತ್ತು ವರ್ಷ ಒಂದೊಂದು ಮೀನನ್ನೂ ಕಾದವರಿಗೆ "ಇನ್ನಷ್ಟು ಹಿಡಿಯಿರಿ" ಅಂತ ಹೇಳಲು ಧೈರ್ಯ ಬೇಕು. ಅವರ ಕೈಯಲ್ಲಿ ಲೆಕ್ಕ ಇತ್ತು. ಪ್ರತಿ ಸೆಪ್ಟೆಂಬರ್‌ನಲ್ಲಿ ಎರಡೂ ಕಡೆಯವರು ಪರೀಕ್ಷೆಯ ಬಲೆ ಹಾಕಿ ಯಾವ ವಯಸ್ಸಿನದು ಎಷ್ಟಿದೆ ಅಂತ ನೋಡುತ್ತಾರೆ. ಗಾಳದವರ ಬುಟ್ಟಿಯನ್ನೂ ಎಣಿಸುತ್ತಾರೆ. ರಾಜ್ಯದ ಖಾತೆ ವರ್ಷ ಡಿಸೆಂಬರ್ 1ಕ್ಕೆ ಶುರು. ಚಳಿಗಾಲದಲ್ಲಿ ಎಷ್ಟು ಖರ್ಚಾಯಿತು ಅಂತ ನೋಡಿ ಬೇಸಿಗೆಯ ನಿಯಮ.

ಗಾಳ ಹಿಡಿದು ಹೋಗುವವರಿಗೆ

ಮಿನಿಯಾಪೊಲಿಸ್ ಸುತ್ತ ಕನ್ನಡದವರು ಸಾಕಷ್ಟು ಇದ್ದಾರೆ. ಅಲ್ಲಿಂದ ವಾಸ್ಕಿಶ್‌ಗೆ ಕಾರಿನಲ್ಲಿ ನಾಲ್ಕೈದು ಗಂಟೆ. ವಾಲೈ ಹಂಗಾಮು ಮೇ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ. ಲೈಸೆನ್ಸ್ ಬೇಕು. ಆ ವರ್ಷದ ಮಿತಿ ಎಷ್ಟು ಅಂತ ಹೊರಡುವ ದಿನವೇ ನೋಡಿಕೊಳ್ಳಿ, ಹಂಗಾಮಿನ ನಡುವೆಯೂ ಬದಲಾಗಬಹುದು. ಗಡಿಗೆರೆ ನೀರಿನ ಮೇಲೆ ಕಾಣುವುದಿಲ್ಲ, ಫೋನಿನ ನಕ್ಷೆಯಲ್ಲಿ ಮಾತ್ರ ಕಾಣುತ್ತದೆ. ಆಚೆ ಹೋದರೆ ನೀವು ಬೇರೆಯವರ ನಾಡಿನಲ್ಲಿ ಮೀನು ಕದಿಯುತ್ತಿದ್ದೀರಿ ಅಂತಲೇ ಲೆಕ್ಕ.

ಆಳ ಕಡಿಮೆ ಇರುವುದರಿಂದ ಅಪ್ಪರ್ ರೆಡ್ ಬೇಗ ಹೆಪ್ಪುಗಟ್ಟುತ್ತದೆ. ನವೆಂಬರ್ ಕೊನೆಗೇ ಜನ ನುಗ್ಗುತ್ತಾರೆ. ಗಡ್ಡೆಯಲ್ಲಿ ತೂತು ಕೊರೆದು, ಮೇಲೆ ಗಾಲಿಯ ಮನೆ ನಿಲ್ಲಿಸಿ, ಒಳಗೆ ಒಲೆ ಹಚ್ಚಿ, ಮಂಚ ಹಾಕಿ, ರಾತ್ರಿಯೆಲ್ಲ ಗಾಳ ಇಳಿಬಿಟ್ಟು ಮಲಗುತ್ತಾರೆ. ಆದರೆ ಅಷ್ಟು ಅಗಲದ ನೀರಿನ ಮೇಲೆ ಗಾಳಿ ಬಲವಾಗಿ ಬೀಸಿದರೆ ಗಡ್ಡೆ ದಡದಿಂದ ಕಿತ್ತುಕೊಂಡು ತೇಲುತ್ತದೆ. 2022ರ ನವೆಂಬರ್ 28ರಂದು ಸುಮಾರು 200 ಜನ ಹಾಗೆ ತೇಲಿದ್ದರು. 2023ರ ಡಿಸೆಂಬರ್ ಕೊನೆಗೆ ಮತ್ತೆ 122 ಜನ. ಎಲ್ಲರನ್ನೂ ದಡ ಸೇರಿಸಿದರು. ನಡೆದು ಹೋಗಲು ಕನಿಷ್ಠ 4 ಇಂಚು ಗಡ್ಡೆ ಬೇಕು ಅಂತ ಇಲಾಖೆ ಹೇಳುತ್ತದೆ, ಸಾಧಾರಣ ಪಿಕಪ್ ಗಾಡಿಗೆ 13. ಇಂಚು ಸರಿಯಿದೆ ಅಂತ ಗಾಳಿ ಸುಮ್ನೆ ಇರುತ್ತದೆಯೇ? ಗಾಳಿಯ ದಿಕ್ಕನ್ನೂ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಗಾಳ ಗಂಟಲಲ್ಲಿ ಇಳಿದಿದ್ದರೆ ಎಳೆಯಬೇಡಿ, ದಾರ ಕತ್ತರಿಸಿ. ಚಳಿಯಲ್ಲಿ ಮೀನನ್ನು ಗಡ್ಡೆಯ ಮೇಲೆ ಇಟ್ಟು ಫೋಟೋ ತೆಗೆಯುವ ಅಭ್ಯಾಸ ಬಿಡಿ, ಕಿವಿರು ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ. ಅಳತೆಪಟ್ಟಿಯನ್ನು ಮೊದಲೇ ಒದ್ದೆ ಮಾಡಿ ತೂತಿನ ಪಕ್ಕ ಇಟ್ಟುಕೊಂಡಿರಿ. ಬೆಳಿಗ್ಗೆ ಎಂಟಕ್ಕೇ 17 ಇಂಚು ದಾಟಿದ್ದೊಂದನ್ನು ಬಕೆಟ್‌ಗೆ ಹಾಕಿಕೊಂಡರೆ ಅವತ್ತಿನ ದೊಡ್ಡ ಮೀನು ಮುಗಿಯಿತು. ಸಂಜೆ 22 ಇಂಚಿನದು ಮೇಲೆ ಬಂದರೂ ತೂತಿಗೇ ವಾಪಸ್.